ಕಾರಿನ ಹಳೇ ಪೇಂಟ್ ಮೇಲೆ ಯಾವ ಪ್ರೈಮರ್, ಯಾವ ಬೇಸ್, ಯಾವ ಕ್ಲಿಯರ್? ಮಳೆಗಾಲಕ್ಕೆ ಮೊದಲು ಮುಗಿಸಬೇಕು

ಕಾಪು_ಕರೆ:
ನಮಸ್ಕಾರ. ಹಳೇ ಹ್ಯಾಚ್‌ಬ್ಯಾಕ್ ಒಂದು ಉಂಟು. ಬಣ್ಣ ಸಿಲ್ಕಿ ಸಿಲ್ವರ್, ಕೋಡ್ ಜೆಡ್2ಎಸ್. ಬಾನೆಟ್ ಮತ್ತು ಎಡಬದಿಯ ಎರಡು ಬಾಗಿಲು ಹಿಂದಿನ ಮಾಲೀಕರು ರಿಪೇಂಟ್ ಮಾಡಿಸಿದ್ದು, ಎಂತ ಪೇಂಟ್ ಅಂತ ಗೊತ್ತಿಲ್ಲ. ಬಾನೆಟ್‌ನಲ್ಲಿ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಿಪ್ಪೆ ಏಳ್ತಾ ಉಂಟು, ಬಾಗಿಲಿನ ಕೆಳ ಅಂಚಲ್ಲಿ ತುಕ್ಕು. ಮುಂದಿನ ಬಂಪರ್ ಹೊಸತು, ಪೇಂಟ್ ಆಗದ ಕಪ್ಪು ಪ್ಲಾಸ್ಟಿಕ್. ಒಂದು ಅಂಗಡಿಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪ್ರೈಮರ್ ಸಾಕು ಅಂತಾರೆ, ಇನ್ನೊಂದರಲ್ಲಿ ಎಪಾಕ್ಸಿ ಪ್ರೈಮರ್ ಇಲ್ಲದೆ ಮುಟ್ಟಲೇಬೇಡಿ ಅಂತಾರೆ. ಪ್ರೈಮರ್ ಒಂದು ಕಂಪೆನಿದು, ಕ್ಲಿಯರ್ ಇನ್ನೊಂದರದ್ದು ಆದ್ರೆ ತೊಂದರೆ ಉಂಟಾ? ಮೇ ಒಳಗೆ ಕೆಲಸ ಆಗಬೇಕು.

ಬೂತ್_ಬೈಕಂಪಾಡಿ:
ಕಂಪೆನಿ ಯಾವುದು ಅನ್ನುವುದು ಆಮೇಲಿನ ಮಾತು. ಈಗ ಮೇಲೆ ಕೂತಿರುವ ಪೇಂಟ್ ಎಂತದ್ದು ಅಂತ ತಿಳಿಯದೆ ಒಂದು ಡಬ್ಬ ಸಹ ತೆಗೊಳ್ಬೇಡಿ.

ಬಿಳಿ ಬಟ್ಟೆ ತುಂಡನ್ನು ಎನ್‌ಸಿ ಥಿನ್ನರ್‌ನಲ್ಲಿ ನೆನೆಸಿ ಪೇಂಟ್ ಮೇಲೆ ಒಂದೆರಡು ನಿಮಿಷ ಒತ್ತಿ ಇಡಿ, ಮತ್ತೆ ಗಟ್ಟಿಯಾಗಿ ಉಜ್ಜಿ. ಪೇಂಟ್ ಕರಗಿ ಬಟ್ಟೆಗೆ ಬಂದು ಜಾಗ ಅಂಟಂಟಾದರೆ ಅದು ಎನ್‌ಸಿ ಅಥವಾ ಸ್ಪ್ರೇ ಕ್ಯಾನಿನ ತರದ 1ಕೆ (ಹಾರ್ಡನರ್ ಬೆರೆಸದ ಪೇಂಟ್). ಕರಗದೆ ಉಬ್ಬಿ ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮೆಲ್, ಇಲ್ಲವೇ ಹಾರ್ಡನರ್ ಸರಿ ಬೀಳದೆ ಅರೆಬರೆ ಒಣಗಿದ 2ಕೆ (ಗಟ್ಟಿ ಮಾಡುವ ಹಾರ್ಡನರ್ ಬೆರೆಸಿ ಹೊಡೆಯುವ ಪೇಂಟ್). ಹೊಳಪು ಸ್ವಲ್ಪ ಕುಂದಿದ್ದು ಬಿಟ್ಟು ಬೇರೇನೂ ಆಗದಿದ್ದರೆ ಕಾರ್ಖಾನೆಯ ಬೇಕ್ ಪೇಂಟ್ ಅಥವಾ ಪೂರ್ತಿ ಗಟ್ಟಿಯಾದ 2ಕೆ ಪಿಯು (ಪಾಲಿಯುರೆಥೇನ್).

ಈ ಪರೀಕ್ಷೆಯನ್ನು ಕ್ಲಿಯರ್ ಗಟ್ಟಿ ಇರುವ ಕಡೆ ಮಾತ್ರ ಮಾಡಿ. ಸಿಪ್ಪೆ ಎದ್ದ ಜಾಗದಲ್ಲಿ ಮಾಡಿದರೆ ಸಿಲ್ವರ್ ಬಟ್ಟೆಗೆ ಬಂದೇ ಬರ್ತದೆ. ರಿಪೇಂಟ್‌ನ ಮೆಟಾಲಿಕ್ ಬೇಸ್ (ಕ್ಲಿಯರ್ ಅಡಿಯ ಬಣ್ಣದ ಪದರ) 1ಕೆ ಆಗಿರುವುದೇ ಹೆಚ್ಚು. ಅದನ್ನು ನೋಡಿ "ಇದು ಎನ್‌ಸಿ" ಅಂತ ಇಡೀ ಕಾರು ಕೆರೆಯಲಿಕ್ಕೆ ಹೊರಡುವವರು ಇದ್ದಾರೆ.

ಎನ್‌ಸಿ ಅಂತ ಖಾತ್ರಿಯಾದರೆ ಆ ಪ್ಯಾನೆಲ್ ಪೂರ್ತಿ ತೆಗೆಯಬೇಕು, ದಾರಿ ಇಲ್ಲ. ಎನ್‌ಸಿ ಎಷ್ಟು ವರ್ಷ ಹಳತಾದರೂ ಥಿನ್ನರ್ ತಾಗಿದ ಕೂಡಲೇ ಮತ್ತೆ ಮೆದುವಾಗ್ತದೆ. ಮೇಲೆ 2ಕೆ ಸರ್ಫೇಸರ್ (ಗೀರು ತುಂಬಿ ಸಮ ಮಾಡುವ ಪ್ರೈಮರ್) ಹೊಡೆದರೆ ಅದರ ಸಾಲ್ವೆಂಟ್ ಕೆಳಗಿಳಿದು ಎನ್‌ಸಿಯನ್ನು ಉಬ್ಬಿಸ್ತದೆ. ಕೆಲಸ ಮುಗಿದ ದಿನ ಕನ್ನಡಿಯ ಹಾಗೆ ಕಾಣಬಹುದು. ಸಾಲ್ವೆಂಟ್ ನಿಧಾನ ಹೊರಹೋದ ಹಾಗೆ ಕೆಲವು ವಾರದಲ್ಲಿ ಸ್ಯಾಂಡ್‌ಪೇಪರ್ ಗೀರು, ಪುಟ್ಟಿ ಅಂಚು ಎಲ್ಲ ಮೇಲೆ ಮೂಡ್ತದೆ.

ರೂಟ್_66:
ಎಪಾಕ್ಸಿ ಹೊಡೆದು ಸೀಲ್ ಮಾಡಿದರೆ ಕೆಳಗೆ ಎಂತ ಇದ್ದರೂ ಆಗ್ತದೆ ಅಂತಾರಲ್ಲ?

ಬೂತ್_ಬೈಕಂಪಾಡಿ:
ಅಂತಾರೆ. ಎಪಾಕ್ಸಿಯಲ್ಲೂ ಸಾಲ್ವೆಂಟ್ ಉಂಟಲ್ಲ ಮಾರಾಯ್ರೆ. ಗಟ್ಟಿಯಾದ 2ಕೆ ಮೇಲೆ ಅದು ಒಳ್ಳೆ ಸೀಲರ್. ಕರಗುವ ಪೇಂಟ್ ಮೇಲೆ ಬರೀ ಮುಚ್ಚಳ, ಅಡಿಪಾಯ ಮೆದುವೇ ಉಳೀತದೆ.

ತುಕ್ಕುವೈರಿ:
ಬಾಗಿಲಿನ ಕೆಳ ಅಂಚಿನ ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಬರುವುದು. ಗ್ಲಾಸ್ ಬದಿಯಿಂದ ಇಳಿದ ನೀರು ಹೋಗಲಿಕ್ಕೆ ಬಾಗಿಲಿನ ಅಡಿಯಲ್ಲಿ ತೂತುಗಳಿರುತ್ತವೆ, ಅವು ಮಣ್ಣು ಕಟ್ಟಿ ಮುಚ್ಚಿಹೋಗಿರುತ್ತವೆ. ಮೊದಲು ಅದನ್ನು ತೆರವು ಮಾಡಿ. ಹೊರಗಿನಿಂದ ಎಷ್ಟು ಒಳ್ಳೆಯ ಪೇಂಟ್ ಹೊಡೆದರೂ ಒಳಗೆ ನೀರು ನಿಂತರೆ ತಗಡಿನ ಅಂಚು ಮಡಚಿದ ಹೆಮ್ಮಿಂಗ್ ಮಡಿಕೆಯಿಂದಲೇ ತುಕ್ಕು ಮತ್ತೆ ಶುರು. ಒಳಗೆ ಕ್ಯಾವಿಟಿ ವ್ಯಾಕ್ಸ್ ಹೊಡೆಯುವುದು ಪೇಂಟ್ ಪೂರ್ತಿ ಮುಗಿದ ಮೇಲೆ. ಮೊದಲೇ ಹೊಡೆದರೆ ವ್ಯಾಕ್ಸ್ ಸೋರಿ ಅಂಚಿನಲ್ಲಿ ಪೇಂಟ್ ಕೂರುವುದಿಲ್ಲ.

ಕರಾವಳಿಯವರು ಹೆಚ್ಚಾಗಿ ಬಿಡುವ ಇನ್ನೊಂದು ಹಂತ: ಉಪ್ಪು. ಸಮುದ್ರದ ಗಾಳಿ, ಮೀನಿನ ಲಾರಿಯಿಂದ ರಸ್ತೆಗೆ ಸೋರಿದ ನೀರು, ಎರಡರಲ್ಲೂ ಉಪ್ಪು ಇರುತ್ತದೆ. ವ್ಯಾಕ್ಸ್-ಗ್ರೀಸ್ ರಿಮೂವರ್ ಎಣ್ಣೆಯನ್ನು ತೆಗೆಯುತ್ತದೆ, ಉಪ್ಪನ್ನು ಕರಗಿಸುವುದಿಲ್ಲ. ಉಪ್ಪಿಗೆ ನೀರೇ ಬೇಕು. ಆದ್ದರಿಂದ ಪೇಪರ್ ಹೊಡೆಯುವ ಮೊದಲೇ ಶಾಂಪೂ ಹಾಕಿ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಡಿಗ್ರೀಸರ್. ಒಂದು ಬಟ್ಟೆಯಲ್ಲಿ ಹಚ್ಚಿ, ಒಣಗುವ ಮೊದಲು ಇನ್ನೊಂದು ಒಣಬಟ್ಟೆಯಲ್ಲಿ ಒರೆಸಿ. ಪ್ರೈಮರ್ ಅಡಿಯಲ್ಲಿ ಉಪ್ಪು ಉಳಿದರೆ ಅದು ಪೇಂಟ್ ಪದರದ ಮೂಲಕ ತೇವ ಎಳೆಯುತ್ತದೆ. ಮಳೆಗಾಲದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಏಳುವುದು ಹಾಗೆ.

ಕೆರೆದು ಬರಿ ಲೋಹ ಕಂಡಮೇಲೆ ಆ ದಿನವೇ ಎಪಾಕ್ಸಿ ಬೀಳಬೇಕು. ರಾತ್ರಿ ಬಿಟ್ಟರೆ ಬೆಳಿಗ್ಗೆ ಕಂದು ಛಾಯೆ ಬಂದಿರುತ್ತದೆ.

ಕಾಪು_ಕರೆ:
ಧನ್ಯವಾದ. ಬಟ್ಟೆ ಪರೀಕ್ಷೆ ಮಾಡಿದೆ. ಬಾನೆಟ್ ಅಂಚಲ್ಲಿ ಕ್ಲಿಯರ್ ಗಟ್ಟಿ ಇರುವಲ್ಲಿ ಎಂತ ಆಗಲಿಲ್ಲ. ಹಿಂದಿನ ಬಾಗಿಲು ಪೂರಾ ಕರಗಿ ಬಂತು. ತುಕ್ಕಿಗೆ ರಸ್ಟ್ ಕನ್ವರ್ಟರ್ ಹಾಕಿ ಅದರ ಮೇಲೆ ಎಪಾಕ್ಸಿ ಆಗ್ತದಾ? ಎಪಾಕ್ಸಿ ಬದಲು ವಾಶ್ ಪ್ರೈಮರ್ ಕೊಡ್ತೇವೆ ಅಂತ ಕೂಡ ಒಬ್ಬರು ಹೇಳಿದ್ರು.

ತುಕ್ಕುವೈರಿ:
ಹಿಂದಿನ ಬಾಗಿಲು ಪೂರ್ತಿ ಲೋಹಕ್ಕೆ ಇಳಿಸಿ. ಕನ್ವರ್ಟರ್ ಬಗ್ಗೆ ಹುಷಾರು. ಅದು ಫಾಸ್ಫೋರಿಕ್ ಅಥವಾ ಟ್ಯಾನಿಕ್ ಆಸಿಡ್. ಎಪಾಕ್ಸಿಯ ಹಾರ್ಡನರ್ ಅಮೈನ್ ಜಾತಿಯದು, ಕ್ಷಾರ ಗುಣದ್ದು. ಉಳಿದ ಆಸಿಡ್ ಅದನ್ನು ತಿಂದುಬಿಟ್ಟರೆ ಎಪಾಕ್ಸಿ ಲೋಹಕ್ಕೆ ತಾಗುವ ಪದರದಲ್ಲೇ ಮೆದುವಾಗಿ ಉಳಿಯುತ್ತದೆ. ಯಂತ್ರದಲ್ಲಿ ಅಥವಾ 80ರ (ಅಂಕೆ ಸಣ್ಣದಾದಷ್ಟು ಒರಟು) ಪೇಪರ್‌ನಲ್ಲಿ ತುಕ್ಕು ಪೂರ್ತಿ ತೆಗೆಯಲು ಆಗುವ ಕಡೆ ಕನ್ವರ್ಟರ್ ಬೇಡವೇ ಬೇಡ. ಗುಂಡಿಯೊಳಗೆ ಕಪ್ಪು ಚುಕ್ಕೆ ಉಳಿದರೆ ಅಲ್ಲಿಗೆ ಮಾತ್ರ ಹಚ್ಚಿ, ಡಬ್ಬದಲ್ಲಿ ಹೇಳಿದ ಹಾಗೆ ತೊಳೆದು, ಒಣಗಿಸಿ, ಮೇಲ್ಮೈ ಕೆರೆದು ಎಪಾಕ್ಸಿ ಹೊಡೆಯಿರಿ. ತೂತು ಬಿದ್ದಿದ್ದರೆ ಪುಟ್ಟಿ ತುಂಬಬೇಡಿ, ಟಿಂಕರ್ ಹತ್ತಿರ ತಗಡು ಹಾಕಿಸಿ.

ವಾಶ್ ಪ್ರೈಮರ್ ಮತ್ತು ಎಪಾಕ್ಸಿ: ಎರಡರಲ್ಲಿ ಒಂದು, ಎರಡನ್ನೂ ಅಲ್ಲ. ವಾಶ್ ಪ್ರೈಮರ್‌ನಲ್ಲೂ ಆಸಿಡ್ ಉಂಟು. ಅದು 8–10 ಮೈಕ್ರಾನ್ ತೆಳು ಪದರ, ತುಂಬುವ ಶಕ್ತಿ ಇಲ್ಲ, ನೀರು ತಡೆಯುವುದಿಲ್ಲ, ಮೇಲೆ ಕೂಡಲೇ 2ಕೆ ಸರ್ಫೇಸರ್ ಬೀಳಲೇಬೇಕು. ಹೊಸ ಅಲ್ಯೂಮಿನಿಯಂ, ಜಿಂಕ್ ಲೇಪದ ತಗಡು, ಇಂಥ ಕಡೆ ಕೆಲಸ ಬೇಗ ಮುಗಿಸಲು ಒಳ್ಳೆಯದು. ಅದರ ಮೇಲೆ ನೇರ ಪಾಲಿಯೆಸ್ಟರ್ ಪುಟ್ಟಿ ಎಳೆಯುವುದು ದೊಡ್ಡ ತಪ್ಪು. ಆಸಿಡ್‌ನಿಂದ ಪುಟ್ಟಿಯ ತಳ ಗಟ್ಟಿಯಾಗದೆ ಹಪ್ಪಳೆ ಏಳುತ್ತದೆ. ನಮ್ಮ ಊರಿನ ತೇವಕ್ಕೆ ನನ್ನ ಮತ ಎಪಾಕ್ಸಿಗೆ.

ಗನ್_1.3:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ದಿನಕ್ಕೆ ನಾಲ್ಕು ಪ್ಯಾನೆಲ್ ಹೊರಹೋಗಬೇಕಾದ ವರ್ಕ್‌ಶಾಪಿಗೆ ಎಪಾಕ್ಸಿ ನಿಧಾನ. ವಾಶ್ ಪ್ರೈಮರ್ 15–20 ನಿಮಿಷಕ್ಕೆ ತಯಾರು, ಅದರ ಮೇಲೆ ಸರ್ಫೇಸರ್. ಸರಿಯಾಗಿ ಮಾಡಿದ್ದು ವರ್ಷಗಟ್ಟಲೆ ನಿಲ್ತದೆ.

ತುಕ್ಕುವೈರಿ:
"ಸರಿಯಾಗಿ ಮಾಡಿದ್ದು" ಅನ್ನುವುದರಲ್ಲೇ ಎಲ್ಲ ಉಂಟು. ಕಾರನ್ನು ಪ್ರೈಮರ್‌ನಲ್ಲೇ ವಾರಗಟ್ಟಲೆ ಹೊರಗೆ ನಿಲ್ಲಿಸುವವರೂ ಇದ್ದಾರೆ. ಸರ್ಫೇಸರ್‌ನಲ್ಲಿ ಪುಡಿ ಜಾಸ್ತಿ, ಅದು ತೇವ ಹೀರುತ್ತದೆ. ಎಪಾಕ್ಸಿ ಆದರೆ ಅಷ್ಟು ಬೇಗ ಒಳಗೆ ಬಿಡುವುದಿಲ್ಲ. ಇಲ್ಲಿ ಕೇಳಿದವರಿಗೆ ಗಡಿಬಿಡಿಯೂ ಇಲ್ಲ.

ಬೂತ್_ಬೈಕಂಪಾಡಿ:
ಕಾಪುವಿನವರ ಕೆಲಸಕ್ಕೆ ಕ್ರಮ ಬರೀತೇನೆ. ಅನುಪಾತ ಎಲ್ಲ ಸಾಮಾನ್ಯ ಲೆಕ್ಕ, ನೀವು ತೆಗೊಂಡ ಡಬ್ಬದ ಡೇಟಾ ಶೀಟ್‌ನಲ್ಲಿ ಬೇರೆ ಇದ್ದರೆ ಅದೇ ಸರಿ.

ಹಿಂದಿನ ಬಾಗಿಲು ಮತ್ತು ತುಕ್ಕಿನ ಜಾಗ: 80ರಿಂದ ಲೋಹ, 150–180ರಲ್ಲಿ ಅಂಚು ಇಳಿಸಿ. ಎಪಾಕ್ಸಿ ಎರಡು ತೆಳು ಕೋಟ್. ಕಲಸಿ ಹೊಡೆಯುವ ಮೊದಲು ಎಷ್ಟು ಹೊತ್ತು ಇಡಬೇಕು ಅಂತ ಕೆಲವು ಎಪಾಕ್ಸಿಯಲ್ಲಿ ಬರೆದಿರ್ತಾರೆ, ಅದನ್ನು ಹಾರಿಸಬೇಡಿ. ಗಟ್ಟಿಯಾದ ಮೇಲೆ 180ರಲ್ಲಿ ಒರಟು ಮಾಡಿ ಪುಟ್ಟಿ. ಪುಟ್ಟಿಯನ್ನು ಎಪಾಕ್ಸಿ ಮೇಲೆ ಎಳೆಯಬಹುದು, 80ರ ಗೀರಿರುವ ಬರಿ ಉಕ್ಕಿನ ಮೇಲೂ ಎಳೆಯಬಹುದು, ಹಳೇ ಎನ್‌ಸಿ ಮೇಲೆ ಮಾತ್ರ ಇಲ್ಲ. ಪುಟ್ಟಿಗೆ ಹಾರ್ಡನರ್ ತೂಕದಲ್ಲಿ 2–3 ಶೇಕಡ: 100 ಗ್ರಾಂ ಪುಟ್ಟಿಗೆ 2ರಿಂದ 3 ಗ್ರಾಂ. ಬೇಗ ಒಣಗಲಿ ಅಂತ ಜಾಸ್ತಿ ಹಿಂಡಿದರೆ ಮಿಕ್ಕ ಪೆರಾಕ್ಸೈಡ್ ಮೇಲಿನ ಬೇಸ್‌ಗೆ ಏರಿ ಹಳದಿ-ಕಂದು ಕಲೆ ಕೊಡ್ತದೆ. ಸಿಲ್ವರ್, ಬಿಳಿಯಲ್ಲಿ ಅದು ಎದ್ದು ಕಾಣ್ತದೆ. ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ಅದರ ಸೂಕ್ಷ್ಮ ತೂತುಗಳಲ್ಲಿ ನೀರು ಕೂತರೆ ಒಂದು ಮಳೆಗಾಲಕ್ಕೇ ಗುಳ್ಳೆ. ಒಣ ಪೇಪರ್: 80, 180, 240.

ಸರ್ಫೇಸರ್ 2ಕೆ ಪಿಯು, ಹೆಚ್ಚಿನವು 4ಕ್ಕೆ 1 ಹಾರ್ಡನರ್, 10–20 ಶೇಕಡ ಥಿನ್ನರ್, 1.6ರಿಂದ 1.8 ಮಿ.ಮೀ. ನಳಿಗೆ, ಎರಡು–ಮೂರು ಕೋಟ್, ಕೋಟ್ ನಡುವೆ ಹೊಳಪು ಹೋಗಿ ಮ್ಯಾಟ್ ಆಗುವ ತನಕ ಕಾಯಿರಿ. ಮೇಲೆ ಗೈಡ್ ಕೋಟ್ (ಉಜ್ಜುವಾಗ ತಗ್ಗು ತೋರಿಸುವ ತೆಳು ಬಣ್ಣ) ಎರಚಿ 400, ಮತ್ತೆ 600 ಒಣದಲ್ಲಿ, ಇಲ್ಲವೇ ನೀರಿನಲ್ಲಿ 800. ಗಾಢ ಸಾಲಿಡ್ ಬಣ್ಣಕ್ಕೆ 400 ಸಾಕು ಅನ್ನುವವರು ಸಿಲ್ವರ್‌ಗೂ ಅದೇ ಮಾಡ್ತಾರೆ. ಪೇಂಟ್‌ನ ಬೆಳ್ಳಿ ಬಣ್ಣದ ಚೂರುಗಳು (ಅಲ್ಯೂಮಿನಿಯಂ) ಗೀರಿನ ಒಳಗೆ ಸಾಲಾಗಿ ಕೂತು ಒಂದೊಂದು ಗೀರೂ ಕಾಣ್ತದೆ.

ಬಾನೆಟ್: ಕ್ಲಿಯರ್ ಸಿಪ್ಪೆ ಎದ್ದ ಅಂಚನ್ನು ಇಳಿಸಿ ಅಲ್ಲಿಗೆ ಮಾತ್ರ ಪ್ಯಾಚ್ ಹೊಡೆಯಲಿಕ್ಕೆ ಹೋಗಬೇಡಿ. ಇವತ್ತು ಗಟ್ಟಿ ಕಾಣುವ ಅಂಚು ಮುಂದಿನ ಬೇಸಿಗೆಗೆ ಏಳ್ತದೆ. ಇಡೀ ಬಾನೆಟ್‌ನ ಕ್ಲಿಯರ್ ಮತ್ತು ಅದರಡಿಯ ಬೇಸ್ ತೆಗೆದು ಗಟ್ಟಿ ಪ್ರೈಮರ್‌ಗೆ ಇಳಿದು, ಸರ್ಫೇಸರ್‌ನಿಂದ ಶುರು ಮಾಡಿ.

ರೂಟ್_66:
ಥಿನ್ನರ್ ಬಗ್ಗೆ ಯಾರೂ ಹೇಳಲೇ ಇಲ್ಲ. ಎನ್‌ಸಿ ಥಿನ್ನರ್ ಲೀಟರಿಗೆ ಎಷ್ಟೋ ಕಡಿಮೆ. ಬೇಸ್‌ಗಾದರೂ ಅದನ್ನೇ ಹಾಕಬಹುದಾ?

ಗನ್_1.3:
ಅಣ್ಣ, ಕರಾವಳಿಯ ಅರ್ಧ ಫೇಲ್ ಕೆಲಸ ಅಲ್ಲೇ ಹುಟ್ಟುವುದು.

2ಕೆ ಪಿಯು ಹಾರ್ಡನರ್ ಅಂದ್ರೆ ಐಸೊಸಯನೇಟ್. ಅದು ಪೇಂಟ್‌ನ ರಾಳದಲ್ಲಿರುವ ಹೈಡ್ರಾಕ್ಸಿಲ್ ತುದಿಗಳಿಗೆ ಕೊಂಡಿ ಹಾಕಿ ಬಲೆ ಕಟ್ಟಬೇಕು. ಎನ್‌ಸಿ ಥಿನ್ನರ್‌ನಲ್ಲಿ ಸಾಧಾರಣವಾಗಿ ಆಲ್ಕೋಹಾಲ್ ಇರ್ತದೆ. ಆಲ್ಕೋಹಾಲ್‌ನಲ್ಲೂ ಹೈಡ್ರಾಕ್ಸಿಲ್ ಉಂಟು, ಆದರೆ ಒಂದೇ ತುದಿ. ಹಾರ್ಡನರ್ ಅದಕ್ಕೆ ಕೊಂಡಿ ಹಾಕಿದರೆ ಅಲ್ಲಿಗೇ ಮುಗೀತು, ಬಲೆ ಮುಂದೆ ಹೋಗುದಿಲ್ಲ. ಕ್ಲಿಯರ್ ಮೇಲೆ ಒಣಗಿದ ಹಾಗೆ ಕಾಣ್ತದೆ, ಒಳಗೆ ಮೆದು. ಉಗುರು ಒತ್ತಿದರೆ ಗುರುತು, ಪೆಟ್ರೋಲ್ ತಾಗಿದರೆ ಬಿಳಿ, ಪಾಲಿಶ್ ಮಾಡಿದ ಹೊಳಪು ತಿಂಗಳಲ್ಲಿ ಮಾಯ. ಪಿಯು ಥಿನ್ನರ್‌ನಲ್ಲಿ ಬ್ಯೂಟೈಲ್ ಅಸಿಟೇಟ್, ಕ್ಸೈಲೀನ್ ಇಂಥವು, ಅವು ಹಾರ್ಡನರ್ ತಂಟೆಗೆ ಹೋಗುದಿಲ್ಲ.

ಬೇಸ್‌ಗೆ ಹಾಕಿದರೆ ಬೇಸ್ ಒಣಗ್ತದೆ, ಅದಕ್ಕೇ ಜನ ಮೋಸ ಹೋಗುದು. ಆದರೆ ಅದು ಹಾರುವ ವೇಗ ಜಾಸ್ತಿ, ಬೆಳ್ಳಿ ಚೂರು ಮಲಗುವ ಮೊದಲೇ ಪೇಂಟ್ ಗಟ್ಟಿ, ಸಿಲ್ವರ್‌ನಲ್ಲಿ ಮೋಡ ಮೋಡ. ಬೇಸ್ ದಪ್ಪ ಇದ್ದು ಆಲ್ಕೋಹಾಲ್ ಒಳಗೆ ಉಳಿದರೆ ಮೇಲಿನ ಕ್ಲಿಯರ್‌ನ ಹಾರ್ಡನರ್‌ಗೂ ಪೆಟ್ಟು. ಎನ್‌ಸಿ ಥಿನ್ನರ್ ಗನ್ ತೊಳೀಲಿಕ್ಕೆ ಇಟ್ಟುಕೊಳ್ಳಿ. ತೊಳೆದ ಮೇಲೆ ಗನ್‌ನಲ್ಲಿ ಒಂದು ಹನಿ ಉಳಿಯದ ಹಾಗೆ ಪಿಯು ಥಿನ್ನರ್ ಓಡಿಸಿ.

ಟರ್ಪಂಟೈನ್ ಸಿಂಥೆಟಿಕ್‌ಗೆ ಮಾತ್ರ. ಪಿಯುಗೆ ಹಾಕಿದರೆ ರಾಳ ಮೊಸರಾಗ್ತದೆ.

ಕಾಪು_ಕರೆ:
ಅಂದ್ರೆ ಬೇರೆ ಬೇರೆ ಕಂಪೆನಿ ಬೆರೆಸುವ ಪ್ರಶ್ನೆಗೆ ಉತ್ತರ?

ಬೂತ್_ಬೈಕಂಪಾಡಿ:
ಡಬ್ಬದೊಳಗೆ ಬೆರೆಸಬೇಡಿ, ಪದರಗಳ ನಡುವೆ ಬೆರೆಸಬಹುದು, ಅದೂ ಒಂದು ಮಿತಿಯಲ್ಲಿ. ಕ್ಲಿಯರ್, ಅದರ ಹಾರ್ಡನರ್, ಅದರ ಥಿನ್ನರ್ ಮೂರೂ ಒಂದೇ ಮನೆಯವು ಆಗಲೇಬೇಕು. ಎರಡು ಕಂಪೆನಿಯ ಕ್ಲಿಯರ್ ಡಬ್ಬದಲ್ಲೂ 2ಕ್ಕೆ 1 ಅಂತ ಬರೆದಿರಬಹುದು, ಆದರೆ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಪ್ರಮಾಣ ಬೇರೆ. ಕಡಿಮೆ ಬಿದ್ದರೆ ಮೆದು, ಜಾಸ್ತಿ ಬಿದ್ದರೆ ಗಾಜಿನಷ್ಟು ಪೆಡಸಾಗಿ ಬಿರುಕು.

ಕೆಳಗಿನ ಎಪಾಕ್ಸಿ, ಸರ್ಫೇಸರ್ ಪೂರ್ತಿ ಗಟ್ಟಿಯಾಗಿ ಪೇಪರ್ ಬಿದ್ದಮೇಲೆ ಮೇಲೆ ಯಾವ ಒಳ್ಳೆ ಕಂಪೆನಿಯ ಬೇಸ್ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ. ಬೇಸ್ ಮತ್ತು ಕ್ಲಿಯರ್ ನಡುವೆ ಮಾತ್ರ ಪೇಪರ್ ಇಲ್ಲ, ಬೇಸ್ ಇನ್ನೂ ಪೂರ್ತಿ ಗಟ್ಟಿಯಾಗದಿರುವಾಗಲೇ ಕ್ಲಿಯರ್ ಅದಕ್ಕೆ ಕಚ್ಚಬೇಕು. ಆ ಜೋಡಿಯನ್ನು ಒಂದೇ ಸಿಸ್ಟಮ್‌ನಲ್ಲಿ ಇಡಿ. ನ್ಯಾಕ್ಸ್ ಆಗಲಿ ಡಕ್ಸೋನ್ ಆಗಲಿ, ಬೇಸ್ ಯಾವುದೋ ಕ್ಲಿಯರ್ ಸಹ ಅದೇ. ಉಳಿಸಬೇಕು ಅಂತಿದ್ದರೆ ಪುಟ್ಟಿ, ಮಾಸ್ಕಿಂಗ್‌ನಲ್ಲಿ ಉಳಿಸಿ, ಕ್ಲಿಯರ್‌ನಲ್ಲಿ ಅಲ್ಲ.

ಬೇಸ್ ಮೇಲೆ ಕ್ಲಿಯರ್ ಬೀಳಲು ಕನಿಷ್ಠ 15–20 ನಿಮಿಷ, ಗರಿಷ್ಠ ಹೆಚ್ಚಿನ ಸಿಸ್ಟಮ್‌ಗಳಲ್ಲಿ 24 ಗಂಟೆ. ಮಧ್ಯೆ ಕರೆಂಟ್ ಹೋಗಿ ಮರುದಿನ ಸಂಜೆ ಆದರೆ ಹಗುರ ಒರೆಸಿ ಇನ್ನೊಂದು ಬೇಸ್ ಕೋಟ್ ಹೊಡೆದು ಮತ್ತೆ ಕ್ಲಿಯರ್. ಹಳೇ ಬಾನೆಟ್‌ಗಳಲ್ಲಿ ಕ್ಲಿಯರ್ ಹಾಳೆಯಾಗಿ ಏಳುವುದಕ್ಕೆ ತಡವಾದ ಕ್ಲಿಯರ್, ತೀರಾ ದಪ್ಪ ಬೇಸ್, ತೀರಾ ತೆಳು ಕ್ಲಿಯರ್, ಈ ಮೂರರಲ್ಲಿ ಒಂದು ಹೆಚ್ಚಾಗಿ ಇರ್ತದೆ.

ಕಾಪು_ಕರೆ:
ಎಷ್ಟು ತೆಗೊಳ್ಳಬೇಕು?

ಬೂತ್_ಬೈಕಂಪಾಡಿ:
ಬಾನೆಟ್, ಎರಡು ಬಾಗಿಲು, ಬಂಪರ್ ಸೇರಿ ಸುಮಾರು 4 ಚದರ ಮೀಟರ್ ಹಿಡಿಯಿರಿ. ಬೇಸ್ 600 ಮಿ.ಲೀ., ಅದಕ್ಕೆ ಥಿನ್ನರ್ ಸೇರಿ ಒಂದು ಲೀಟರ್ ಆಸುಪಾಸು. ಕ್ಲಿಯರ್ 500, ಹಾರ್ಡನರ್ 250, ಥಿನ್ನರ್ 5–10 ಶೇಕಡ. ಎರಡು ಕೋಟ್‌ಗೆ ಒಣಗಿದ ದಪ್ಪ 50–60 ಮೈಕ್ರಾನ್ ಬರಬೇಕು. ಒಮ್ಮೆಗೇ ಕಲಸಬೇಡಿ, ಬಿಸಿಲ ದಿನ ಪಾಟ್ ಲೈಫ್ (ಕಲಸಿದ್ದನ್ನು ಬಳಸಲು ಸಿಗುವ ಸಮಯ) ಕಡಿಮೆ.

ಗನ್_1.3:
ಬೇಸ್‌ಗೆ, ಕ್ಲಿಯರ್‌ಗೆ 1.3 ನಳಿಗೆ. ಎಚ್‌ವಿಎಲ್‌ಪಿ (ಗಾಳಿ ಹೆಚ್ಚು, ಒತ್ತಡ ಕಡಿಮೆ) ಗನ್ ಆದರೆ ಟ್ರಿಗರ್ ಒತ್ತಿದಾಗ ಗನ್ ಬುಡದಲ್ಲಿ 2 ಬಾರ್ ಆಸುಪಾಸು. ಸಿಲ್ವರ್‌ಗೆ ಎರಡು ಸಾಧಾರಣ ಕೋಟ್, ಮ್ಯಾಟ್ ಆದಮೇಲೆ ಕೊನೆಗೆ ಡ್ರಾಪ್ ಕೋಟ್: ಗನ್ ಒಂದಿಷ್ಟು ದೂರ, ಒತ್ತಡ ಕಡಿಮೆ, ಹಗುರ ಮಂಜಿನ ಹಾಗೆ. ಮೋಡ ಕಟ್ಟಿದ್ದು ಅದರಲ್ಲಿ ಸಮ ಆಗ್ತದೆ. ಕೋಡ್ ಒಂದೇ ಆದರೂ ಹಳೇ ಸಿಲ್ವರ್‌ಗೆ ಹೊಸತು ತಾಳೆ ಆಗುದಿಲ್ಲ. ಕಾರ್ಡ್ ಮೇಲೆ ಹೊಡೆದು, ಕ್ಲಿಯರ್ ಸಮೇತ, ಬಿಸಿಲಲ್ಲಿ ಹಿಡಿದು ನೋಡಿ. ಮುಂದಿನ ಫೆಂಡರ್‌ಗೆ ಬಣ್ಣ ಕ್ರಮೇಣ ಬೆರೆಯುವ ಹಾಗೆ ಬ್ಲೆಂಡ್ ಮಾಡಿ. ಆ ಫೆಂಡರ್‌ನ ಹಳೇ ಕ್ಲಿಯರನ್ನು 1000ರಲ್ಲಿ ಒರಟು ಮಾಡಿ ಪೂರ್ತಿ ಪ್ಯಾನೆಲ್‌ಗೆ ಕ್ಲಿಯರ್ ಕೊಡಿ.

ಆಟಿ_ಮಳೆ:
ಮೇ ಒಳಗೆ ಅಂದಿರಿ, ಒಳ್ಳೆಯದು. ತಡವಾದರೆ ಅಂತ ಈ ಲೆಕ್ಕ ಇಟ್ಟುಕೊಳ್ಳಿ. ತಗಡಿನ ಉಷ್ಣತೆ ಗಾಳಿಯ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಗಾಳಿ 27 ಡಿಗ್ರಿ, ಆರ್ದ್ರತೆ 75 ಶೇಕಡ ಇದ್ದರೆ ಇಬ್ಬನಿ ಬಿಂದು ಸುಮಾರು 22, ಕೆಲಸ ಮಾಡಬಹುದು. ಅದೇ 27ರಲ್ಲಿ ಆರ್ದ್ರತೆ 85ಕ್ಕೆ ಏರಿದರೆ ಇಬ್ಬನಿ ಬಿಂದು 24 ದಾಟಿತು, ಅಂತರ 3ಕ್ಕಿಂತ ಕಡಿಮೆ. ಸಾಲ್ವೆಂಟ್ ಹಾರುವಾಗ ಮೇಲ್ಮೈ ಇನ್ನೂ ತಣ್ಣಗಾಗ್ತದೆ, ನೀರು ಅಲ್ಲೇ ಕೂರ್ತದೆ. ಎನ್‌ಸಿಯಲ್ಲಿ ಅದು ಹಾಲುಬಿಳಿ ಮಸುಕು. ನಿಧಾನ ಹಾರುವ ರಿಟಾರ್ಡರ್ ಥಿನ್ನರ್ ಹಾಕಿ ಸುಧಾರಿಸಬಹುದು. 2ಕೆಯಲ್ಲಿ ಅಷ್ಟು ಸುಲಭ ಇಲ್ಲ: ಹಾರ್ಡನರ್ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡ್ತದೆ, ಕ್ಲಿಯರ್ ತುಂಬ ಸೂಜಿ ತೂತು. ಜುಲೈಯಲ್ಲಿ ಬೂತ್ (ಪೇಂಟ್ ಹೊಡೆಯುವ ಕೋಣೆ) ಬಿಸಿ ಮಾಡದೆ ಹೊಡೆಯುವವರ ಕೆಲಸದಲ್ಲಿ ಇದು ಕಾಣುವುದು.

ಹಾರ್ಡನರ್ ಡಬ್ಬ ಮಳೆಗಾಲದಲ್ಲಿ ತೆರೆದಿಟ್ಟರೆ ಗರಿಗರಿ ಕೋರಿರೊಟ್ಟಿ ತೆರೆದಿಟ್ಟ ಹಾಗೆಯೇ, ಮತ್ತೆ ಸರಿಯಾಗುವುದಿಲ್ಲ. ಮೋಡ ಕಟ್ಟಿದ್ದರೆ ಅಥವಾ ಹರಳು ಕಂಡರೆ ಎಸೆಯಿರಿ. ಅದಕ್ಕೇ ದೊಡ್ಡ ಡಬ್ಬಕ್ಕಿಂತ ಬೇಕಾದಷ್ಟರ ಸಣ್ಣದು ತೆಗೊಳ್ಳುವುದು.

ಕಂಪ್ರೆಸರ್ ಟ್ಯಾಂಕ್‌ನ ನೀರು ಕೆಲಸ ಶುರು ಮಾಡುವ ಮೊದಲು ಬಿಡಿ, ಮಧ್ಯೆಯೂ ಬಿಡಿ. ನೀರಿನ ಫಿಲ್ಟರ್ ಕಂಪ್ರೆಸರ್ ಬಾಯಿಗೇ ಕಟ್ಟಿದರೆ ಪ್ರಯೋಜನ ಇಲ್ಲ, ಗಾಳಿ ಅಲ್ಲಿ ಇನ್ನೂ ಬಿಸಿ, ಆವಿ ಹಾಗೇ ದಾಟಿ ಹೋಗ್ತದೆ. ಏಳೆಂಟು ಮೀಟರ್ ಪೈಪ್‌ನಲ್ಲಿ ತಣಿದ ಮೇಲೆ ಹಾಕಿ.

ಏಪ್ರಿಲ್–ಮೇಯಲ್ಲಿ ಸಮಸ್ಯೆ ಉಲ್ಟಾ: 33–34 ಡಿಗ್ರಿ ಸೆಖೆಗೆ ಫಾಸ್ಟ್ ಹಾರ್ಡನರ್ ಬೇಡ. ಮೇಲ್ಪದರ ಮುಚ್ಚಿಕೊಂಡು ಒಳಗಿನ ಸಾಲ್ವೆಂಟ್ ಗುಳ್ಳೆ ಆಗ್ತದೆ. ಸ್ಲೋ ಹಾರ್ಡನರ್, ಸ್ಲೋ ಥಿನ್ನರ್, ಬೆಳಿಗ್ಗೆ ಕೆಲಸ.

ಎರಡುಗಾಲಿ_ಮಣಿಪಾಲ:
ಮಧ್ಯೆ ಬಾಯಿ ಹಾಕ್ತಿದ್ದೇನೆ. ಬೈಕ್ ಟ್ಯಾಂಕ್‌ಗೆ ಸ್ಪ್ರೇ ಕ್ಯಾನ್ ಕ್ಲಿಯರ್ ಆಗ್ತದಾ?

ಗನ್_1.3:
1ಕೆ ಕ್ಯಾನ್ ಆದರೆ ಬೇಡ, ಪೆಟ್ರೋಲ್ ಹನಿ ಬಿದ್ದ ಕಡೆ ಕರಗ್ತದೆ, ಎಥನಾಲ್ ಸೇರಿದ ಇ20ರಲ್ಲಿ ಬೇಗ. ತಳದಲ್ಲಿ ಗುಂಡಿ ಒತ್ತಿ ಒಳಗೇ ಹಾರ್ಡನರ್ ಒಡೆಯುವ 2ಕೆ ಕ್ಯಾನ್ ಸಿಗ್ತದೆ, ಅದು ಆಗ್ತದೆ. ಒಡೆದ ಮೇಲೆ ಒಂದೆರಡು ದಿನದಲ್ಲಿ ಮುಗಿಸಬೇಕು. ಪೂರ್ತಿ ಗಟ್ಟಿಯಾಗುವ ತನಕ ಒಂದು ವಾರ ಪೆಟ್ರೋಲ್ ತುಂಬಿಸಬೇಡಿ.

ರೂಟ್_66:
ಬಸ್ಸಿನ ಬಾಡಿ ಹಳೇ ಸಿಂಥೆಟಿಕ್. ಅದರ ಮೇಲೆ ಪಿಯು ಹೊಡೆಸುವ ಅಂತ ಉಂಟು.

ತುಕ್ಕುವೈರಿ:
ಒಂದು ಅಡಿ ಜಾಗದಲ್ಲಿ ಪಿಯು ಹೊಡೆದು ಮರುದಿನ ನೋಡಿ. ಸುಕ್ಕು ಬಂದರೆ ಎರಡೇ ದಾರಿ, ಪೂರ್ತಿ ಕೆರೆಯುವುದು ಇಲ್ಲವೇ ಸಿಂಥೆಟಿಕ್‌ನಲ್ಲೇ ಉಳಿಯುವುದು. 2ಕೆ ಮೇಲೆ ಸಿಂಥೆಟಿಕ್ ಕೂರುತ್ತದೆ, ಸಿಂಥೆಟಿಕ್ ಮೇಲೆ 2ಕೆ ನಂಬಲು ಆಗುವುದಿಲ್ಲ. ತಗಡು ಜಿಂಕ್ ಲೇಪದ್ದಾದರೆ ಸಿಂಥೆಟಿಕನ್ನು ನೇರ ಹಚ್ಚಲೇಬೇಡಿ. ಎಣ್ಣೆ ಆಧಾರದ ರಾಳ ಜಿಂಕ್ ಜೊತೆ ಸೇರಿ ಸಾಬೂನಾಗಿ ತಳ ಬಿಡುತ್ತದೆ. ಎಪಾಕ್ಸಿ ಕೆಳಗಿದ್ದರೆ ಆ ತೊಂದರೆ ಇಲ್ಲ.

ಕಾಪು_ಕರೆ:
ಬಂಪರ್ ಒಂದು ಬಾಕಿ.

ಬೂತ್_ಬೈಕಂಪಾಡಿ:
ಹಿಂಬದಿಯಲ್ಲಿ ಅಚ್ಚು ನೋಡಿ. ಪಿಪಿ ಅಥವಾ ಪಿಪಿ+ಇಪಿಡಿಎಂ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಎರಡನೆಯದರಲ್ಲಿ ರಬ್ಬರ್ ಸಹ) ಅಂತ ಇರ್ತದೆ. ಅದಕ್ಕೆ ಯಾವ ಎಪಾಕ್ಸಿಯೂ ನೇರ ಕಚ್ಚುವುದಿಲ್ಲ. ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣ ಮೇಲೆ ಇರ್ತದೆ, ಬಿಸಿನೀರು-ಸೋಪಿನಲ್ಲಿ ತೊಳೆದು, ಬೂದು ಸ್ಕಾಚ್‌ಬ್ರೈಟ್‌ನಲ್ಲಿ ಉಜ್ಜಿ, ಪ್ಲಾಸ್ಟಿಕ್ ಡಿಗ್ರೀಸರ್, ಮತ್ತೆ ಪೇಂಟ್ ಹಿಡಿಯುವ ಹಾಗೆ ಮಾಡುವ ಅಡ್‌ಹೀಶನ್ ಪ್ರಮೋಟರ್ ಒಂದು ತೆಳು ಕೋಟ್. ಅದು ಒಣಗಿದ ಮೇಲೆ ಡಬ್ಬದಲ್ಲಿ ಹೇಳಿದ ಸಮಯದ ಒಳಗೆ ಸರ್ಫೇಸರ್ ಅಥವಾ ಬೇಸ್. ಸರ್ಫೇಸರ್, ಕ್ಲಿಯರ್ ಎರಡಕ್ಕೂ ಬಗ್ಗುವ ಗುಣ ಕೊಡುವ ಫ್ಲೆಕ್ಸ್ ಅಡಿಟಿವ್ ಬೇಕಾ ಅಂತ ಶೀಟ್ ನೋಡಿ. ಬಂಪರನ್ನು ಗೀಚಿ ಪುಟ್ಟಿ ಎಳೆಯಬೇಡಿ, ಸಾಮಾನ್ಯ ಪುಟ್ಟಿ ಬಗ್ಗುವುದಿಲ್ಲ.

ಆಟಿ_ಮಳೆ:
ಮಾಸ್ಕ್ ಬಗ್ಗೆ. ಬಟ್ಟೆ, ಕರ್ಚೀಫು ಐಸೊಸಯನೇಟನ್ನು ತಡೆಯುವುದಿಲ್ಲ. ಒಮ್ಮೆ ಅಲರ್ಜಿ ಹತ್ತಿದರೆ ಮತ್ತೆ ಸ್ವಲ್ಪ ತಾಗಿದರೂ ಉಬ್ಬಸ. ಹೊರಗಿನ ಗಾಳಿ ಕೊಡುವ ಮಾಸ್ಕ್ ಸರಿಯಾದದ್ದು, ಅದಿಲ್ಲದಿದ್ದರೆ ಕನಿಷ್ಠ ಹೊಸ ಆರ್ಗಾನಿಕ್ ವೇಪರ್ ಕಾರ್ಟ್ರಿಜ್. ಕೈಗೆ ನೈಟ್ರೈಲ್ ಗ್ಲವ್ಸ್. ಮನೆಯ ಶೆಡ್‌ನಲ್ಲಿ ಹೊಡೆಯುವುದಾದರೆ ಪ್ರೈಮರ್ ತನಕ ನೀವು ಮಾಡಿ, ಕ್ಲಿಯರ್ ಬೂತ್ ಇದ್ದಲ್ಲಿ ಕೊಡಿ ಅಂತ ನನ್ನ ಸಲಹೆ.

ಕಾಪು_ಕರೆ:
ಹಾಗೇ ಮಾಡ್ತೇನೆ. ಮುಗಿದ ಮೇಲೆ ವ್ಯಾಕ್ಸ್ ಯಾವಾಗ?

ಗನ್_1.3:
ಬೇಕ್ ಮಾಡದ ಕ್ಲಿಯರ್ ಆದರೆ ಕನಿಷ್ಠ 30 ದಿನ ವ್ಯಾಕ್ಸ್ ಬೇಡ, ಸಾಲ್ವೆಂಟ್ ಇನ್ನೂ ಹೊರಹೋಗ್ತಾ ಇರ್ತದೆ. ಧೂಳಿನ ಕಣ ತೆಗೆಯಲಿಕ್ಕೆ 2000ರ ಪೇಪರ್, ಸಿಲಿಕೋನ್ ಇಲ್ಲದ ಕಾಂಪೌಂಡ್ ಮರುದಿನದ ಮೇಲೆ ಆಗ್ತದೆ. ಕಾರ್ ಕವರ್ ಹಾಕಬೇಡಿ, ಅಡಿಯಲ್ಲಿ ತೇವ ಕಟ್ಟಿ ಹೊಸ ಕ್ಲಿಯರ್ ಮೇಲೆ ಬಟ್ಟೆಯ ಅಚ್ಚು ಬೀಳ್ತದೆ.